ಯಾರೂ ಇಲ್ಲದ ಹಂಪಿ

ಕಲ್ಲಿನ ರಥದ ಫೋಟೋ ಎಲ್ಲರ ಹತ್ತಿರವೂ ಇದೆ. ಹಂಪಿಗೆ ಹೋಗದವರ ಹತ್ತಿರವೂ ಇದೆ. ಜೇಬಿನಿಂದ ಐವತ್ತು ರೂಪಾಯಿ ನೋಟು ತೆಗೆದು ತಿರುಗಿಸಿ ನೋಡಿ. 2017ರಲ್ಲಿ ಬಂದ ಆ ನೀಲಿ ನೋಟಿನ ಹಿಂದೆ ಅದೇ ರಥ ನಿಂತಿದೆ. ಹಾಗಿದ್ದರೂ ದಸರಾ ರಜೆಯಲ್ಲಿ ವಿಜಯ ವಿಠ್ಠಲ ದೇವಸ್ಥಾನದ ಅಂಗಳದಲ್ಲಿ ನಾನೂ ಕ್ಯಾಮೆರಾ ಹಿಡಿದು ನಿಂತೆ. ನನ್ನಂಥವರು ಸುತ್ತಲೂ ಬೇಕಾದಷ್ಟು ಜನ ಇದ್ದರು. ಎಲ್ಲರೂ ಕಾಯುತ್ತಿದ್ದದ್ದು ಒಂದಕ್ಕೇ: ಉಳಿದವರು ಯಾವಾಗ ಪಕ್ಕಕ್ಕೆ ಸರೀತಾರೆ ಅಂತ.

ಯಾರು ಸರೀತಾರೆ? ಕಾಲೇಜು ಹುಡುಗರ ಗುಂಪು ಹೋಯಿತು ಅನ್ನುವಷ್ಟರಲ್ಲಿ ಹೊಸದಾಗಿ ಮದುವೆಯಾದ ಜೋಡಿ. ಅವರು ಮುಗಿಸಿದರೆ, ಐವತ್ತರ ನೋಟನ್ನೇ ರಥದ ಎದುರು ಹಿಡಿದು ಎರಡು ರಥಗಳನ್ನೂ ಒಂದೇ ಫ್ರೇಮಿನಲ್ಲಿ ಕೂರಿಸುವವರು. ನಾನು ಗೊಣಗುತ್ತಾ ನಿಂತಿದ್ದೆ. ನೆರಳಲ್ಲಿ ಕೂತಿದ್ದ ಅಮ್ಮ, "ಜನ ಇದ್ರೆ ಏನಾಯ್ತೋ? ನಾವೂ ಜನಾನೇ ಅಲ್ವಾ?" ಅಂದರು. ಮಗಳು ಅದಕ್ಕಿಂತ ಸುಲಭದ ದಾರಿ ಹೇಳಿದಳು. "ಸುಮ್ನೆ ತೆಗಿ ಅಪ್ಪಾ. ಆಮೇಲೆ ಫೋನಲ್ಲಿ ಎಲ್ಲರನ್ನೂ ಅಳಿಸಬಹುದು."

ನಿಜ, ಅಳಿಸಬಹುದು. ಬೆರಳಿನಿಂದ ಸುತ್ತು ಹಾಕಿದರೆ ಸಾಕು, ಜನ ಮಾಯ. ಅವರು ನಿಂತಿದ್ದ ಜಾಗದಲ್ಲಿ ಕಲ್ಲುಹಾಸು ತಾನಾಗಿ ತುಂಬಿಕೊಳ್ಳುತ್ತದೆ. ಆದರೆ ಅದು ಅಲ್ಲಿರುವ ಕಲ್ಲುಹಾಸಲ್ಲ, ಫೋನು ಊಹೆ ಮಾಡಿ ಹಾಸಿದ್ದು. ಹಳೇ ಜಾಗದ ಫೋಟೋ ಅಂದರೆ ಅದರಲ್ಲಿ ಜನ ಇರಬಾರದು ಅಂತ ನಮಗೆ ಹೇಳಿಕೊಟ್ಟವರು ಯಾರು? ಆ ಪ್ರವಾಸದ ಉಳಿದ ದಾರಿಯೆಲ್ಲ ನನ್ನ ತಲೆಯಲ್ಲಿ ಇದೇ ಸುತ್ತುತ್ತಿತ್ತು.

ಹಂಪಿಯನ್ನು ಮೊಟ್ಟಮೊದಲು ಕ್ಯಾಮೆರಾದಲ್ಲಿ ಹಿಡಿದವರಲ್ಲಿ ಒಬ್ಬ ಅಲೆಕ್ಸಾಂಡರ್ ಗ್ರೀನ್‌ಲಾ. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದ ಅಧಿಕಾರಿ. 1856ರಲ್ಲಿ ಅವನು ಇಲ್ಲಿ ಓಡಾಡಿ ಫೋಟೋ ತೆಗೆದ. ಆಗ ಫಿಲ್ಮ್ ಇರಲಿಲ್ಲ. ಮೇಣ ಹಚ್ಚಿದ ಕಾಗದವೇ ನೆಗೆಟಿವ್. ಒಂದು ಚಿತ್ರ ಮೂಡಬೇಕಾದರೆ ಕ್ಯಾಮೆರಾದ ಬಾಯಿ ನಿಮಿಷಗಟ್ಟಲೆ ತೆರೆದಿರಬೇಕಿತ್ತು. ಅಷ್ಟು ಹೊತ್ತು ಅಲುಗಾಡದೆ ಇರುವುದು ಕಲ್ಲು ಮಾತ್ರ. ದನ ಹೊಡೆದುಕೊಂಡು ಹೋದವನಾಗಲಿ, ಸೌದೆ ಹೊತ್ತು ನಡೆದವಳಾಗಲಿ ಅಂಥ ಕಾಗದದ ಮೇಲೆ ಉಳಿಯುವ ಹಾಗೇ ಇಲ್ಲ. ಅದಕ್ಕೆ ಒಂದು ವರ್ಷ ಮೊದಲು, 1855ರಲ್ಲಿ, ಬಾಂಬೆ ಸರ್ಕಾರ ಥಾಮಸ್ ಬಿಗ್ಸ್ ಅನ್ನುವವನನ್ನು ಇದೇ ಕೆಲಸಕ್ಕೆ ನೇಮಿಸಿತ್ತು. ಅವನು ವಿಜಯಪುರ, ಬಾದಾಮಿ, ಐಹೊಳೆ, ಪಟ್ಟದಕಲ್ಲು ಕಡೆ ತಿರುಗಿದ. ಪಾಳುಬಿದ್ದ, ನಿರ್ಜನವಾದ ನಾಡು ಅಂತ ಆ ಕಾಲದ ಚಿತ್ರಗಳನ್ನು ನೋಡಿದವರಿಗೆ ಅನ್ನಿಸಿದ್ದರೆ ಅದರಲ್ಲಿ ಅರ್ಧ ಪಾಲು ಕಾಗದದ ನಿಧಾನಗತಿಯದ್ದು.

ಹಾಗಂತ ಆ ಚಿತ್ರಗಳನ್ನು ತಳ್ಳಿಹಾಕುವಂತಿಲ್ಲ. ಗ್ರೀನ್‌ಲಾ ತೆಗೆದ ಕಲ್ಲಿನ ರಥವನ್ನು ಒಮ್ಮೆ ಹುಡುಕಿ ನೋಡಿ. ನಮಗೆ ಗೊತ್ತಿರುವ ರಥವಲ್ಲ ಅದು. ತಲೆಯ ಮೇಲೆ ಇಟ್ಟಿಗೆಯಲ್ಲಿ ಕಟ್ಟಿದ ಒಂದು ಶಿಖರ ಇದೆ. ಅದು ಶಿಥಿಲವಾಗಿತ್ತು, ಆಮೇಲೆ ತೆಗೆದುಹಾಕಿದರು. ಇವತ್ತು ನೋಟಿನ ಮೇಲಿರುವುದು ಟೋಪಿ ಇಲ್ಲದ ರಥ. ಒಂದು ಶಿಖರ ಇತ್ತು ಅನ್ನುವುದಕ್ಕೆ ಆ ಮೇಣದ ಕಾಗದ ಒಳ್ಳೆಯ ಸಾಕ್ಷಿ. 1980ರ ದಶಕದಲ್ಲಿ ಜಾನ್ ಗಾಲಿಂಗ್ಸ್ ಅನ್ನುವ ಆಸ್ಟ್ರೇಲಿಯಾದ ಫೋಟೋಗ್ರಾಫರ್ ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ, ಅಲ್ಲೇ ನಿಂತು ಮತ್ತೆ ಫೋಟೋ ತೆಗೆದ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಯಾವ ಕಂಬ ಬಿತ್ತು, ಯಾವ ಗೋಡೆ ಹೊಸದು ಎಲ್ಲ ಗೊತ್ತಾಗುತ್ತದೆ. ನನಗೆ ಇದು ತುಂಬಾ ಇಷ್ಟವಾದ ಕೆಲಸ. ಚಂದದ ಕೋನ ಹುಡುಕುವುದಲ್ಲ, ಇನ್ನೊಬ್ಬ ನಿಂತ ಜಾಗ ಹುಡುಕುವುದು.

ನಮ್ಮ ಮನೆಯಲ್ಲೂ ಅಂಥ ಒಂದು ಹಳೇ ಫೋಟೋ ಇದೆ. ಅದರ ಮಾತು ಆಮೇಲೆ. ಮೊದಲು ದಾರಿ.

ಬೆಂಗಳೂರು ಬಿಟ್ಟು ತುಮಕೂರು, ಶಿರಾ ದಾಟಿ ಹಿರಿಯೂರಿಗೆ ಬರುವವರೆಗೆ ಕ್ಯಾಮೆರಾ ಚೀಲದಿಂದ ಹೊರಗೆ ಬರುವುದಿಲ್ಲ. ಹೆದ್ದಾರಿ ಅಂದರೆ ಹಾಗೆ, ನೋಡಲು ಚಂದ, ನಿಲ್ಲಲು ಜಾಗ ಇಲ್ಲ. ಹಿರಿಯೂರಿನಲ್ಲಿ ತಿರುಗಿ ವಾಣಿ ವಿಲಾಸ ಸಾಗರಕ್ಕೆ ಹೋದೆವು. ಮಾರಿಕಣಿವೆ ಅಂದರೇ ಈ ಕಡೆ ಜನಕ್ಕೆ ಗೊತ್ತು. ವೇದಾವತಿಗೆ ಕಟ್ಟಿದ ಈ ಅಣೆಕಟ್ಟು 1907ರಲ್ಲಿ ಮುಗಿಯಿತು. 1933ರಲ್ಲಿ ಒಮ್ಮೆ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ ಎರಡು ಮೂರು ತಲೆಮಾರು ಕಳೆದುಹೋಯಿತು. ಆ ವರ್ಷ ಸುತ್ತಲಿನ ಹಳ್ಳಿಗಳಿಂದ ಜನ ಟ್ರ್ಯಾಕ್ಟರ್ ಹತ್ತಿಕೊಂಡು ನೋಡಲು ಬಂದರು. ಆಗಿನ ಫೋಟೋಗಳನ್ನು ನೋಡಿದರೆ ನೀರಿಗಿಂತ ಜನರೇ ಜಾಸ್ತಿ. ಅದೇ ಸರಿ ಅನ್ನಿಸುತ್ತದೆ. ಬರೀ ನೀರಿನ ಫೋಟೋ ತೆಗೆದಿದ್ದರೆ ಅದು ಯಾವ ಕೆರೆಯದ್ದೂ ಆಗಬಹುದಿತ್ತು. ಅಜ್ಜಿಯೊಬ್ಬರು ಕೈಮುಗಿದು ನಿಂತಿದ್ದಾರೆ ಅಂದರೆ ಮಾತ್ರ ಈ ನೀರು ಎಷ್ಟು ವರ್ಷ ಕಾಯಿಸಿ ಬಂದದ್ದು ಅಂತ ಗೊತ್ತಾಗೋದು.

ಚಿತ್ರದುರ್ಗದ ಕೋಟೆಗೆ ನಾವು ಹೋಗಿದ್ದು ಮಧ್ಯಾಹ್ನದ ಉರಿಬಿಸಿಲಲ್ಲಿ. ಫೋಟೋಕ್ಕೆ ಇದಕ್ಕಿಂತ ಕೆಟ್ಟ ಹೊತ್ತಿಲ್ಲ. ಬಂಡೆಗಳಿಗೆ ನೆರಳೇ ಇರುವುದಿಲ್ಲ, ಎಲ್ಲ ಚಪ್ಪಟೆ, ಎಲ್ಲ ಬೂದು. ಆದರೆ ರಸ್ತೆ ಪ್ರವಾಸದಲ್ಲಿ ಎಲ್ಲಾ ಊರಿಗೂ ಸಂಜೆಯ ಹೊತ್ತಿಗೇ ಹೋಗಲು ಆಗುತ್ತದೆಯೇ? ಊಟ, ಅಮ್ಮನ ಮೊಣಕಾಲು, ಮುಂದಿನ ಊರಿನ ರೂಮು, ಇವು ಬೆಳಕಿಗಿಂತ ದೊಡ್ಡ ಲೆಕ್ಕ. ಓಬವ್ವನ ಕಿಂಡಿಯ ಹತ್ತಿರ ಮಾತ್ರ ಬಿಸಿಲು ಅಡ್ಡಿಯಾಗಲಿಲ್ಲ. ಬಂಡೆಗಳ ಮಧ್ಯೆ ಒಬ್ಬರು ಬಗ್ಗಿ ನುಸುಳುವಷ್ಟೇ ಜಾಗ. ಖಾಲಿ ಕಿಂಡಿಯ ಫೋಟೋ ತೆಗೆದರೆ ಬಂಡೆಗಳ ನಡುವಿನ ಒಂದು ಸಂದು ಅಷ್ಟೇ. ಮಗಳು ಅದರೊಳಗೆ ತಲೆ ತೂರಿಸಿದಳು ನೋಡಿ, ಆಗ ಹೈದರನ ಸೈನಿಕ ಹೇಗೆ ತಲೆ ತೂರಿಸಿದ್ದ, ಒನಕೆ ಎಲ್ಲಿಗೆ ಬಿತ್ತು ಎಲ್ಲ ಕಣ್ಣಿಗೆ ಕಟ್ಟಿತು. ಕೋಟೆ ಹೈದರನ ಕೈಸೇರಿದ್ದು 1779ರಲ್ಲಿ. ಕತೆ ಉಳಿದಿರುವುದು ಒನಕೆ ಹಿಡಿದವಳದ್ದು.

ಹಂಪಿಯ ಫೋಟೋ ತೆಗೆಯುವವರಿಗೆ ಎಲ್ಲರೂ ಹೇಳುವುದು ಮಾತಂಗ ಬೆಟ್ಟದ ಸೂರ್ಯೋದಯ, ಹೇಮಕೂಟದ ಸೂರ್ಯಾಸ್ತ. ಎರಡೂ ಚಂದ, ಸುಳ್ಳಲ್ಲ. ನನಗೆ ಮಾತ್ರ ಹಂಪಿಯ ಅತ್ಯುತ್ತಮ ಕ್ಯಾಮೆರಾ ಇರುವುದು ವಿರೂಪಾಕ್ಷ ದೇವಸ್ಥಾನದ ಒಳಗೆ. ಗುಡಿಯ ಹಿಂಭಾಗದಲ್ಲಿ ಕೆಲವು ಮೆಟ್ಟಿಲು ಹತ್ತಿದರೆ ಒಂದು ಕತ್ತಲೆ ಕೋಣೆ. ಗೋಡೆಯಲ್ಲಿ ಒಂದು ಸಣ್ಣ ಕಿಂಡಿ. ಎದುರು ಗೋಡೆಯ ಮೇಲೆ ಪೂರ್ವದ ಮಹಾಗೋಪುರ ತಲೆಕೆಳಗಾಗಿ ನೇತಾಡುತ್ತಿರುತ್ತದೆ. ಸುಮಾರು 50 ಮೀಟರ್ ಎತ್ತರದ ಗೋಪುರ, ಕಳಸ ಕೆಳಗೆ, ಬುಡ ಮೇಲೆ. ಲೆನ್ಸ್ ಇಲ್ಲ, ಕನ್ನಡಿ ಇಲ್ಲ. ಬೆಳಕು ನೇರವಾಗಿ ಹೋಗುತ್ತದೆ. ಗೋಪುರದ ತುದಿಯಿಂದ ಬಂದ ಕಿರಣ ಕಿಂಡಿ ದಾಟಿ ಕೆಳಕ್ಕೆ ಇಳಿಯುತ್ತದೆ, ಬುಡದಿಂದ ಬಂದದ್ದು ಮೇಲಕ್ಕೆ ಏರುತ್ತದೆ. ಶಾಲೆಯಲ್ಲಿ ರಟ್ಟಿನ ಡಬ್ಬಕ್ಕೆ ಸೂಜಿಯಲ್ಲಿ ತೂತು ಮಾಡಿ ನೋಡಿದ್ದೇವಲ್ಲ, ಅದೇ.

ಅಲ್ಲಿ ನಾನು ಫೋಟೋ ತೆಗೆಯಲು ಹೋದರೆ ಸರಿಯಾಗಿ ಬರಲಿಲ್ಲ. ಚಿತ್ರ ಮಸುಕು, ಫೋನು ತಾನೇ ಜಾಣ ಅಂದುಕೊಂಡು ಕತ್ತಲೆಯನ್ನೆಲ್ಲ ಬೆಳಗಿಸಿಬಿಡುತ್ತದೆ. ಅಷ್ಟರಲ್ಲಿ ಅಮ್ಮ ತಮ್ಮ ಕೈಯಲ್ಲಿದ್ದ ಬಿಳೀ ಟವೆಲ್ ಬಿಡಿಸಿ ಕಿಂಡಿಗೂ ಗೋಡೆಗೂ ಮಧ್ಯ ಹಿಡಿದರು. ಗೋಪುರ ಟವೆಲ್ ಮೇಲೆ ಬಂತು. ಕಿಂಡಿಗೆ ಹತ್ತಿರ ಹೋದಷ್ಟೂ ಗೋಪುರ ಸಣ್ಣದಾಯಿತು, ಹಾಗೇ ಹೊಳಪೂ ಜಾಸ್ತಿಯಾಯಿತು. ಮಗಳಿಗೆ ಆ ಕೋಣೆ ಬಿಟ್ಟು ಬರಲು ಇಷ್ಟವೇ ಇರಲಿಲ್ಲ. ನನ್ನ ಹತ್ತಿರ ಇರುವ ಒಳ್ಳೇ ಫೋಟೋ ಗೋಡೆಯ ಮೇಲಿನ ಗೋಪುರದ್ದಲ್ಲ, ಟವೆಲ್ ಹಿಡಿದ ಎರಡು ಕೈಗಳದ್ದು. ಬಳೆ ಕಾಣುತ್ತದೆ, ಗೋಪುರವೂ ಕಾಣುತ್ತದೆ.

ಈಗ ಆ ಹಳೇ ಫೋಟೋ. ಅಪ್ಪನ ಹತ್ತಿರ ಒಂದು ಯಾಶಿಕಾ ಇತ್ತು. ಒಂದು ರೀಲಿಗೆ 36 ಫೋಟೋ. ತೊಳೆಸುವ ಖರ್ಚು ಬೇರೆ. ಹಾಗಾಗಿ ಅಪ್ಪನ ಫ್ರೇಮಿನಲ್ಲಿ ಯಾವಾಗಲೂ ನಾವೇ. "ಬರೀ ಕಲ್ಲಿಗೆ ಯಾಕೆ ರೀಲು ಸುಡೋದು?" ಅನ್ನುತ್ತಿದ್ದರು. ಕಾಲೇಜಿಗೆ ಹೋಗುವಾಗ ನನಗೆ ಇದು ಹಳ್ಳಿ ಬುದ್ಧಿ ಅನ್ನಿಸುತ್ತಿತ್ತು. ಕ್ಯಾಲೆಂಡರಿನಲ್ಲಿ ಬರುವಂಥ ಫೋಟೋ ಬೇಕು ನನಗೆ. ಹಂಪಿಯ ಆ ಫೋಟೋದಲ್ಲಿ ನಾನು ಚಡ್ಡಿ ಹಾಕಿಕೊಂಡು ಕಣ್ಣು ಕಿರಿದು ಮಾಡಿ ನಿಂತಿದ್ದೇನೆ, ಅಮ್ಮನ ಕೈಯಲ್ಲಿ ತೆಂಗಿನಕಾಯಿ ಚೀಲ. ನಮ್ಮ ಹಿಂದೆ ವಿರೂಪಾಕ್ಷ ಬಜಾರು. ಸಾಲು ಕಂಬಗಳ ಮಂಟಪಗಳ ಒಳಗೆ ಅಂಗಡಿಗಳು. ಕುಂಕುಮ ಗುಡ್ಡೆ ಹಾಕಿದವರು, ಬಾಳೆಹಣ್ಣಿನವರು, ಟೀ ಅಂಗಡಿ, ಬಾಡಿಗೆ ಸೈಕಲ್ಲುಗಳು. ಒಂದು ಮಂಟಪದ ಮುಂದೆ ಒಗೆದ ಸೀರೆ ಒಣಗುತ್ತಿದೆ. ಅಂದರೆ ಅಲ್ಲಿ ಮನೆ ಇತ್ತು.

ಆ ಬಜಾರು ಈಗ ಇಲ್ಲ. 2011ರ ಜುಲೈನಲ್ಲಿ ಮಂಟಪಗಳಲ್ಲಿ ಇದ್ದವರನ್ನು ಎಬ್ಬಿಸಿ, ಕಟ್ಟಿಕೊಂಡಿದ್ದನ್ನೆಲ್ಲ ಕೆಡವಿದರು. ಅದಕ್ಕೆ ಕಾರಣ ಇರಲಿಲ್ಲ ಅಂತಲ್ಲ. ಹಳೇ ಕಂಬಗಳ ನಡುವೆ ಗೋಡೆ ಎಬ್ಬಿಸಿದ್ದರು, ಸಿಮೆಂಟು ಮೆತ್ತಿದ್ದರು, ಇನ್ನು ಸ್ವಲ್ಪ ಕಾಲ ಬಿಟ್ಟಿದ್ದರೆ ಮಂಟಪ ಯಾವುದು ಲಾಡ್ಜು ಯಾವುದು ಅಂತ ಗೊತ್ತಾಗದ ಹಾಗಾಗುತ್ತಿತ್ತು. ಹಂಪಿ 1986ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ, 1999ರಿಂದ 2006ರವರೆಗೆ ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲೂ ಇತ್ತು. ಕಲ್ಲನ್ನು ಉಳಿಸಬೇಕಿತ್ತು, ಒಪ್ಪಿದೆ. ಆದರೆ ಆ ರಸ್ತೆ ಕಟ್ಟಿದ್ದೇ ಬಜಾರಿಗೆ. ವಿಜಯನಗರದ ಕಾಲದಲ್ಲಿ ಅಲ್ಲಿ ಇದ್ದದ್ದೂ ವ್ಯಾಪಾರವೇ. ಜನರನ್ನು ತೆಗೆದ ಮೇಲೆ ಬಜಾರಿನಲ್ಲಿ ಉಳಿಯುವುದು ಏನು? ಈಗ ಅಲ್ಲಿ ನಿಂತರೆ ಒಳ್ಳೇ ಫೋಟೋ ಬರುತ್ತದೆ. ಉದ್ದಕ್ಕೆ ಖಾಲಿ ಬೀದಿ, ಎರಡೂ ಕಡೆ ಕಂಬಗಳು, ಒಂದು ತುದಿಯಲ್ಲಿ ಗೋಪುರ. ಮಗಳು ಹೇಳಿದ ಅಳಿಸುವ ಕೆಲಸವನ್ನು ಇಲ್ಲಿ ಫೋನಿಗಿಂತ ಮೊದಲೇ ಜೆಸಿಬಿ ಮಾಡಿ ಮುಗಿಸಿದೆ.

ಅಪ್ಪ ತೆಗೆದಿದ್ದು ಬಜಾರಿನ ಫೋಟೋ ಅಲ್ಲವೇ ಅಲ್ಲ. ಬಜಾರು ಅದರಲ್ಲಿ ತಾನಾಗಿ ಬಂದು ಕೂತಿದೆ. ನನ್ನ ಹತ್ತಿರ ಆಮೇಲೆ ನಾನೇ ತೆಗೆದ ಹಂಪಿಯ ಚಂದದ ಫೋಟೋಗಳು ರಾಶಿ ಇವೆ. ಅದರಲ್ಲಿ ಯಾವುದನ್ನು ನೋಡಿದರೂ ಅದು ಯಾವ ವರ್ಷದ್ದು ಅಂತ ಹೇಳಲು ನನಗೇ ಆಗುವುದಿಲ್ಲ. ಬೇಕೆಂದೇ ಹಾಗೆ ತೆಗೆದಿದ್ದೆ: ವೈರು ಬರಬಾರದು, ಬೋರ್ಡು ಬರಬಾರದು, ಬ್ಯಾಟರಿ ಗಾಡಿ ಬರಬಾರದು. ಅಂದಹಾಗೆ ವಿಠ್ಠಲ ದೇವಸ್ಥಾನಕ್ಕೆ ಆ ಬ್ಯಾಟರಿ ಗಾಡಿ ಓಡಿಸುವವರಲ್ಲಿ ಊರಿನ ಹೆಣ್ಣುಮಕ್ಕಳೂ ಇದ್ದಾರೆ. ಅವರ ಫೋಟೋ ಯಾವ ಪ್ರವಾಸಿ ಪುಸ್ತಕದಲ್ಲೂ ನಾನು ನೋಡಿಲ್ಲ. ಇಪ್ಪತ್ತು ವರ್ಷ ಆದಮೇಲೆ ನೋಡಬೇಕು ಅನ್ನಿಸುವುದು ಅದೇ ಇರಬಹುದು. ರಥ ಹೇಗೂ ನೋಟಿನಲ್ಲಿದೆ.

ಇನ್ನೊಂದು ಮಾತು, ಸ್ವಲ್ಪ ಕಸುಬಿನದು. ಜನ ಇಲ್ಲದಿದ್ದರೆ ಅಳತೆಯೂ ಇಲ್ಲ. ಉಗ್ರನರಸಿಂಹ 6.7 ಮೀಟರ್ ಎತ್ತರ, ಕೃಷ್ಣದೇವರಾಯ 1528ರಲ್ಲಿ ಮಾಡಿಸಿದ್ದು. ಅವನೊಬ್ಬನನ್ನೇ ಫ್ರೇಮಿನಲ್ಲಿ ತುಂಬಿಸಿ ತೆಗೆದರೆ ಮೇಜಿನ ಮೇಲಿಡುವ ಗೊಂಬೆಯೂ ಹೀಗೇ ಕಾಣಬಹುದು. ಕೆಳಗೆ ಕಟಕಟೆಯ ಹತ್ತಿರ ಒಬ್ಬ ಮನುಷ್ಯ ಕತ್ತೆತ್ತಿ ನಿಂತಿರಲಿ, ಎತ್ತರ ತಾನೇ ಎದ್ದು ಬರುತ್ತದೆ. ಹಾಗೇ ಫೋನಿನ ಅಗಲ ಲೆನ್ಸ್ ಹಾಕಿ ಹತ್ತಿರ ನಿಂತು ತೆಗೆದರೆ ಕಂಬಗಳೆಲ್ಲ ಒಳಕ್ಕೆ ವಾಲಿಬಿಡುತ್ತವೆ. ಹಿಂದೆ ಸರಿದು, ಫೋನನ್ನು ನೆಟ್ಟಗೆ ಹಿಡಿದು ತೆಗೆಯಿರಿ. ಟ್ರೈಪಾಡ್ ಅಂತೂ ಮರೆತುಬಿಡಿ. ಪುರಾತತ್ವ ಇಲಾಖೆಯ ಅನುಮತಿ ಇಲ್ಲದೆ ಅದನ್ನು ನಿಲ್ಲಿಸುವ ಹಾಗಿಲ್ಲ. ಡ್ರೋನ್ ಕೇಳಲೇ ಬೇಡಿ.

ಹೊಸಪೇಟೆಯಿಂದ ಕುಷ್ಟಗಿ, ಇಳಕಲ್ಲು, ಹುನಗುಂದ. ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಂಡು ಐಹೊಳೆಗೆ ತಿರುಗಿದೆವು. ಐಹೊಳೆ ನನಗೆ ಹಂಪಿಗಿಂತ ಇಷ್ಟ. ಇಲ್ಲಿ ಗುಡಿ ಮತ್ತು ಮನೆ ಇನ್ನೂ ಒಂದರ ಪಕ್ಕ ಒಂದು ಇವೆ. ಗುಡಿಯ ಗೋಡೆಗೆ ಒರಗಿ ಹಿತ್ತಲು, ಹಿತ್ತಲಲ್ಲಿ ಎಮ್ಮೆ. ಒಂದು ಕಾಲದಲ್ಲಿ ಗುಡಿಗಳ ಒಳಗೇ ಜನ ಸಂಸಾರ ಮಾಡುತ್ತಿದ್ದರು. ಲಾಡಖಾನ್ ಗುಡಿಗೆ ಆ ಹೆಸರು ಬಂದದ್ದೇ ಅದರಲ್ಲಿ ವಾಸ ಇದ್ದವನಿಂದ ಅನ್ನುತ್ತಾರೆ. ಚಾಲುಕ್ಯರ ಗುಡಿಗೆ ಅಲ್ಲಿ ಇದ್ದು ಹೋದವನ ಹೆಸರು ಉಳಿಯಿತು. ಕಟ್ಟಿಸಿದವರ ಹೆಸರಿಗಿಂತ ಅದು ಗಟ್ಟಿಯಾಗಿ ನಿಂತಿದೆ. ದುರ್ಗ ಗುಡಿಯ ಗುಂಡನೆಯ ಹಿಂಭಾಗ ಎಲ್ಲರೂ ತೆಗೆಯುವ ಫೋಟೋ, ನಾನೂ ತೆಗೆದೆ. ಮೇಗುತಿ ಗುಡ್ಡ ಹತ್ತಲು ಅಮ್ಮನಿಗೆ ಆಗಲಿಲ್ಲ, ನಾನು ಮಗಳು ಹೋಗಿ ಬಂದೆವು. ರವಿಕೀರ್ತಿಯ ಶಾಸನ ಅಲ್ಲಿದೆ, 634ರದ್ದು, ಪುಲಿಕೇಶಿ ಹರ್ಷನನ್ನು ತಡೆದ ಕತೆ ಹೇಳುವಂಥದ್ದು. ಶಾಸನದ ಫೋಟೋ ತೆಗೆಯುವವರಿಗೆ ಒಂದೇ ಉಪಾಯ: ಬೆಳಕು ಪಕ್ಕದಿಂದ ಬೀಳುವ ಹೊತ್ತಿಗೆ ಹೋಗಿ. ಎದುರು ಬೆಳಕಿನಲ್ಲಿ ಅಕ್ಷರ ಕಲ್ಲಿನೊಳಗೆ ಕರಗಿಹೋಗುತ್ತದೆ, ಓರೆ ಬೆಳಕಿನಲ್ಲಿ ಎದ್ದು ನಿಲ್ಲುತ್ತದೆ.

ಬಾದಾಮಿಗೆ ಓಡಿದ್ದು ಸಂಜೆ ಬೆಳಕಿಗಾಗಿ. ಭೂತನಾಥ ಗುಡಿ ಅಗಸ್ತ್ಯ ತೀರ್ಥದ ಪೂರ್ವದ ದಡದಲ್ಲಿದೆ, ಮುಖ ಕೆರೆಯ ಕಡೆಗೆ. ಇಳಿಯುವ ಸೂರ್ಯ ಅದರ ಮೈಮೇಲೇ ಬೀಳುತ್ತಾನೆ. ಕೆಂಪು ಮರಳುಗಲ್ಲು, ಹಂಪಿಯ ಬಂಡೆಯ ಹಾಗೆ ಬೂದು ಮುಖ ಮಾಡುವುದಿಲ್ಲ. ಕೆರೆಯ ಮೆಟ್ಟಿಲ ಮೇಲೆ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಕುಕ್ಕುವ ಸದ್ದು ಎದುರಿನ ಬಂಡೆಗೆ ಬಡಿದು ವಾಪಸು ಬರುತ್ತಿತ್ತು. ನನ್ನ ಪಕ್ಕ ದೊಡ್ಡ ಲೆನ್ಸ್ ಹಿಡಿದಿದ್ದ ಒಬ್ಬರು, "ಅವರು ಎದ್ದು ಹೋದರೆ ಒಳ್ಳೇ ರಿಫ್ಲೆಕ್ಷನ್ ಸಿಗುತ್ತೆ" ಅಂದರು. ನಾನೂ ಅದೇ ಜಾತಿಯವನು, ಏನೂ ಹೇಳಲಿಲ್ಲ. ಆದರೆ ಫೋಟೋ ತೆಗೆದಿದ್ದು ಅವರು ಕುಕ್ಕುತ್ತಿರುವಾಗಲೇ, ಕೇಳಿಯೇ ತೆಗೆದೆ. "ನಮ್ದೇನ್ ತಗೀತೀರಿ, ಗುಡಿ ತಗೀರಿ" ಅಂತ ನಕ್ಕರು. ನೀರು ಕಲಕಿತ್ತು. ಭೂತನಾಥ ಗುಡಿ ನೀರಿನಲ್ಲಿ ಚೂರುಚೂರಾಗಿ ಬಿದ್ದಿತ್ತು.

ಕೇಳಿ ತೆಗೆಯುವ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಜನ ಇರಲಿ ಅಂದರೆ ಯಾರ ಮುಖಕ್ಕಾದರೂ ಕ್ಯಾಮೆರಾ ಹಿಡಿಯಿರಿ ಅಂತ ಅಲ್ಲ. ಬನಶಂಕರಿಯಲ್ಲಿ ಬುಟ್ಟಿ ತುಂಬ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಕೆನೆಮೊಸರು ಇಟ್ಟುಕೊಂಡು ಕೂರುವ ಅಕ್ಕಂದಿರನ್ನು ಮೃಗಾಲಯದ ಪ್ರಾಣಿಗಳ ಹಾಗೆ ತೆಗೆದು ಹೋಗುವವರನ್ನು ನೋಡಿದ್ದೇನೆ. ಊಟ ಮಾಡಿ, ಮಾತಾಡಿ, ಆಮೇಲೆ ಕೇಳಿ. ಬೇಡ ಅಂದರೆ ಬೇಡ. ರೊಟ್ಟಿ ತಿಂದದ್ದು ಎಲ್ಲೂ ಹೋಗಲ್ಲ.

ಕೊನೆಗೆ ಪಟ್ಟದಕಲ್ಲು, ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ. ಎರಡನೇ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದದ್ದರ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿ ಇಲ್ಲಿದೆ. ಅದನ್ನು ಕಟ್ಟಿದವನ ಹೆಸರೂ ಶಾಸನದಲ್ಲಿದೆ, ಗುಂಡ ಅನಿವಾರಿತಾಚಾರಿ. ಸರ್ವಸಿದ್ಧಿ ಆಚಾರಿ ಅನ್ನುವ ಇನ್ನೊಬ್ಬನ ಹೆಸರೂ ಇದೆ. ಎಂಟನೇ ಶತಮಾನದಲ್ಲಿ ರಾಣಿಯ ಗುಡಿಯ ಮೇಲೆ ಕೆಲಸದವರ ಹೆಸರು ಬರೆಯಲು ಜಾಗ ಇತ್ತು. ನಮ್ಮ ಫ್ರೇಮುಗಳಲ್ಲಿ ಅಷ್ಟು ಜಾಗ ಇಲ್ಲ.

ಬೆಳಗಿನ ಬಿಸಿಲು ಗುಡಿಗಳ ಮುಖಕ್ಕೆ ನೇರ ಬೀಳುತ್ತಿತ್ತು. ಹುಲ್ಲುಹಾಸಿನ ಮೇಲೆ ಇನ್ನೂ ಯಾರೂ ಇಲ್ಲ. ನಾನು ಇಷ್ಟು ವರ್ಷ ಬಯಸಿದ ಖಾಲಿ ಫ್ರೇಮು ಎದುರಿಗೇ ಇತ್ತು, ಅದನ್ನೂ ತೆಗೆದೆ, ಬಿಡಲಿಲ್ಲ. ಆಮೇಲೆ ಕಾವಲುಗಾರರು ಒಬ್ಬರು ಬಂದು, "ಸರ್, ಸ್ಟ್ಯಾಂಡ್ ಇಡಂಗಿಲ್ರಿ" ಅಂದರು. ನನ್ನ ಹತ್ತಿರ ಸ್ಟ್ಯಾಂಡೇ ಇರಲಿಲ್ಲ, ಅಭ್ಯಾಸಕ್ಕೆ ಹೇಳಿದ್ದು. ಮಾತಿಗೆ ಮಾತು ಬೆಳೆಯಿತು. ಇಲ್ಲಿ ಎಷ್ಟು ವರ್ಷದಿಂದ ಇದ್ದೀರಿ ಅಂತ ಕೇಳಿದೆ. ಮಕ್ಕಳು ಹುಟ್ಟುವ ಮುಂಚಿನಿಂದ ಅಂದರು. ಗುಡಿಯ ಮುಂದೆ ನಿಂತು ನಿಮ್ಮ ಫೋಟೋ ಇದೆಯಾ ಅಂದರೆ, "ಎಲ್ಲಾರದೂ ನಾವು ತಗದ್ ಕೊಡ್ತೀವ್ರಿ, ನಮ್ದು ಯಾರ್ ತಗೀತಾರ?" ಅಂದರು. ಟೋಪಿ ಸರಿ ಮಾಡಿಕೊಂಡು, ಲಾಠಿಯನ್ನು ಎಲ್ಲಿ ಇಡಬೇಕು ಅಂತ ಸ್ವಲ್ಪ ಯೋಚನೆ ಮಾಡಿ, ಕೊನೆಗೆ ಕೈಯಲ್ಲೇ ಹಿಡಿದು ವಿರೂಪಾಕ್ಷ ಗುಡಿಯ ಎದುರು ನೆಟ್ಟಗೆ ನಿಂತರು. ವಾಟ್ಸಾಪ್ ನಂಬರ್ ಕೊಟ್ಟರು.

ಗದಗ ದಾಟುವ ಹೊತ್ತಿಗೆ ಮಗಳು ಹಿಂದಿನ ಸೀಟಿನಿಂದಲೇ ಫೋಟೋ ಕಳಿಸಿದಳು. ಐದು ನಿಮಿಷಕ್ಕೆ ಉತ್ತರ ಬಂತು. ಧ್ವನಿ ಸಂದೇಶ. "ಸರ್, ಚಲೋ ಬಂದೈತ್ರಿ. ಆದ್ರ ನಂದು ಕಣ್ಣು ಮುಚ್ಚೇತಿ. ಇನ್ನೊಂದ್ ಇದ್ರ ಕಳಸ್ರಿ." ಇನ್ನೊಂದು ಇತ್ತು. ಅದರಲ್ಲಿ ಗುಡಿಯ ಶಿಖರ ಅರ್ಧ ಕತ್ತರಿಸಿ ಹೋಗಿದೆ, ಕಣ್ಣು ಮಾತ್ರ ತೆರೆದಿದೆ. ಅದನ್ನೇ ಡಿಪಿ ಮಾಡಿಕೊಂಡಿದ್ದಾರೆ.